ಹರಿ ಸೂಜಿಗೆ, ಹರ ಹೊಟ್ಟೆಗೆ

ಅತ್ತೆ ನಕ್ಕರೆ ಬೀದಿ ಕೊನೆಯ ಬೇಕರಿಯವನು ತಲೆಯೆತ್ತಿ ನೋಡಬೇಕು, ಅಂಥ ನಗು. ಮದುವೆಯಾದ ಹೊಸದರಲ್ಲಿ ಸೊಸೆ ಆ ನಗು ಕೇಳಿದಾಗಲೆಲ್ಲ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದಳು. ಹೆಂಗಸರು ಹಾಗೆ ಬಾಯ್ತುಂಬ ನಗುವುದನ್ನು ತಾನು ಹುಟ್ಟಿದ ಮನೆಯಲ್ಲಿ ಅವಳು ಕಂಡಿರಲೇ ಇಲ್ಲ, ಪಾಪ. ಆಮೇಲೆ ಮುಚ್ಚುವುದೇ ಅಭ್ಯಾಸವಾಗಿಹೋಯಿತು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮಗಳು ಹುಟ್ಟಿದಾಗಿನಿಂದ ಬರೀ ರಾತ್ರಿ ಪಾಳಿ. ಮಗು ಕತೆ ಕೇಳುವ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟಬೇಕು, ಮಗು ಸ್ಕೂಲಿಗೆ ಹೊರಡುವ ಹೊತ್ತಿಗೆ ಇವಳಿಗೆ ಕಣ್ಣು ಎಳೆಯಬೇಕು. ಹೀಗಿರುವಾಗ ಜಪಾನಿ ರೋಗಿಗಳಿಗೆಂದೇ ಒಂದು ವಿಭಾಗ ತೆರೆಯುತ್ತಾರೆ, ಅಲ್ಲಿ ಹಗಲು ಪಾಳಿ ಮಾತ್ರ ಎಂಬ ಸುದ್ದಿ ಬಂತು. ಅಲ್ಲಿಗೆ ಸೇರಲು ಒಂದು ಪರೀಕ್ಷೆ, ಕಾರ್ಡಿನ ಮೇಲೆ ಬರೆದ ಅವರ ಅಕ್ಷರಗಳನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ಒಂದು ತಪ್ಪಿಗೆ ಮಾಫಿ, ಎರಡಾದರೆ ಮತ್ತೆ ರಾತ್ರಿಯೇ ಗತಿ.

ಅರ್ಥವೇನೋ ಬೇಗ ಬಂತು. ಅಕ್ಷರ ನೋಡಿದರೆ ಸಾಕು, ಇದು ಹಲ್ಲು, ಇದು ಹೊಟ್ಟೆ ಎಂದುಬಿಡುತ್ತಿದ್ದಳು. ಅದನ್ನು ಅವರು ಏನೆಂದು ಓದುತ್ತಾರೋ ಅದು ಮಾತ್ರ ಏನು ಮಾಡಿದರೂ ತಲೆಯಲ್ಲಿ ನಿಲ್ಲಲಿಲ್ಲ.

“ಅದೇನು ಬ್ರಹ್ಮವಿದ್ಯೆನಾ?” ಎಂದರು ಪಾತ್ರೆ ಒರೆಸುತ್ತಿದ್ದ ಅತ್ತೆ. ಅವರಿಗೆ ಜಪಾನಿಯ ಗಂಧಗಾಳಿ ಇಲ್ಲ. “ಅರ್ಥ ಹೇಳು, ಸದ್ದು ಹೇಳು. ಎರಡನ್ನೂ ಗಂಟು ಹಾಕೋದು ನನಗೆ ಬಿಡು.”

“ಔಷಧಿ. ಕುಸುರಿ.”

“ಅಷ್ಟೇನಾ! ಔಷಧಿ ಅಳೆದು ಕೊಡೋದು ಕುಸುರಿ ಕೆಲಸ ಅಲ್ವೇನೇ?”

“ಅಪ್ಪ. ಚಿಚಿ.”

ಅತ್ತೆ ಪೇಪರ್ ಓದುತ್ತಿದ್ದ ಮಾವನ ಕಡೆ ಬೆರಳು ತೋರಿಸಿದರು. ಮಾವ ಪುಟ ತಿರುವಿ, “ಛೀ ಛೀ, ಏನು ಕಾಲ ಬಂತಪ್ಪಾ” ಎಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಸೊಸೆ ಕಿಟಕಿ ಮುಚ್ಚಿ ಬಂದಳು.

“ಸೂಜಿ ಹರಿ, ಹೊಟ್ಟೆ ಹರ.”

“ಹರಿದಿದ್ದನ್ನ ಹೊಲಿಯೋದು ಸೂಜಿ. ಹೊಟ್ಟೆ ಕಿವುಚಿದ್ರೆ ಹರಹರಾ ಅಂತೀವಿ. ಒಬ್ಬನ ಜಾಗದಲ್ಲಿ ಇನ್ನೊಬ್ಬನ್ನ ಕೂರಿಸ್ಬೇಡ, ಇಬ್ಬರೂ ಮುನಿಸ್ಕೊಂಡಾರು!”

“ಅಮ್ಮ. ಹಹ.”

“ಇದಕ್ಕೂ ಗಂಟು ಬೇಕಾ? ಅಮ್ಮ ನಕ್ಕ ಹಾಗೆ ಅಂತ ಇಟ್ಕೋ.”

ಸೊಸೆ ಕಾರ್ಡನ್ನೇ ನೋಡುತ್ತ ಹೇಳಿದಳು. “ನಮ್ಮಮ್ಮ ಇರೋತನಕ ನಕ್ಕಿದ್ದನ್ನ ನಾನು ನೋಡೇ ಇಲ್ಲ, ಅತ್ತೆ.”

ಅತ್ತೆ ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟರು. “ಹಾಗಾದ್ರೆ ಇದು ನಿನಗೆ ಅಂಟಲ್ಲ ಕಣೇ. ಬೇರೆ ಹುಡುಕೋಣ ಬಿಡು.”

ಹುಡುಕಿದ್ದೇ ಬಂತು, ಯಾವುದೂ ಹೊಂದಲಿಲ್ಲ. ಓರೆಯಾದ ಒಂದು ಡಬ್ಬಿ, ಒಳಗೆ ಎರಡು ಚುಕ್ಕೆ, ನಡುವೆ ಅಡ್ಡಗೆರೆ. ಆ ಅಕ್ಷರ ಎದುರಿಗೆ ಬಂದರೆ ಸೊಸೆ ಬೆಬ್ಬೆಬ್ಬೆ. ಪರೀಕ್ಷೆಗೂ ಹಾಗೇ ಹೋದಳು.

ಜಪಾನಿ ಡಾಕ್ಟರಮ್ಮ ಮೇಜಿನ ಮೇಲೆ ಒಂದೊಂದೇ ಕಾರ್ಡು ಇಡುತ್ತ ಹೋದರು. ಔಷಧಿಗೆ ಕುಸುರಿ ಬಂತು. ಅಪ್ಪನ ಕಾರ್ಡಿಗೆ ಮಾವನ ಪೇಪರ್ ನೆನಪಾಗಿ ತುಟಿ ಕಚ್ಚಿಕೊಂಡೇ ಚಿಚಿ ಎಂದಳು. ಸಲೀಸಾಗಿ ನಡೆಯಿತಲ್ಲ ಎಂದು ಉಸಿರುಬಿಡುವಾಗ ಹೊಟ್ಟೆ ಬಂತು. “ಹರಿ!” ಎಂದುಬಿಟ್ಟಳು.

“ಹೊಟ್ಟೆ ಇದ್ದಲ್ಲಿ ಸೂಜಿ ಬಂತೇ?” ಎಂದು ಡಾಕ್ಟರಮ್ಮ ಕಾರ್ಡನ್ನು ಪಕ್ಕಕ್ಕಿಟ್ಟರು. ಇದ್ದ ಒಂದು ಮಾಫಿಯೂ ಮುಗಿಯಿತು. ಇನ್ನು ಹರಿಹರಬ್ರಹ್ಮಾದಿಗಳು ಬಂದರೂ ಕಾಯುವಂತಿರಲಿಲ್ಲ.

ಕೊನೆಯ ಕಾರ್ಡು. ಓರೆ ಡಬ್ಬಿ, ಎರಡು ಚುಕ್ಕೆ.

ಅಮ್ಮ. ಸೊಸೆ ಕಣ್ಣು ಮುಚ್ಚಿದಳು. ತಾಯಿಯ ಮುಖ ಬಂತು, ಬಿಗಿದ ತುಟಿ ಬಂತು, ಸದ್ದು ಬರಲಿಲ್ಲ. ಮಗಳ ಮುಖ ಬಂತು, ಸದ್ದು ಆಗಲೂ ಇಲ್ಲ. ಇಂದು ರಾತ್ರಿಯೂ ಮಗು ಅಜ್ಜಿಯ ಪಕ್ಕದಲ್ಲೇ ಮಲಗುತ್ತದೆ ಎಂದುಕೊಂಡಳು. ಅಜ್ಜಿ ಎಂದದ್ದೇ ತಡ, ಅಡುಗೆಮನೆ ಬಂತು, ಪಾತ್ರೆ ಒರೆಸುವ ಬಟ್ಟೆ ಬಂತು, ತಾನು ಮುಚ್ಚಲು ಹೋಗುವ ಕಿಟಕಿ ಬಂತು. ಬೆನ್ನ ಹಿಂದೆ ಇಡೀ ಬೀದಿಗೆ ಕೇಳುವಂಥ ಆ ನಗು.

“ಹಹ,” ಎಂದಳು. ಡಾಕ್ಟರಮ್ಮ ತಲೆದೂಗಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು, ಮಗು ಅವರ ಸೊಂಟದ ಮೇಲೆ.

“ಏನಾಯ್ತೇ?”

“ಹರಿಹರರು ಮುನಿಸ್ಕೊಂಡ್ರು. ಒಂದು ತಪ್ಪಾಯ್ತು.”

“ಅಯ್ಯೋ ದೇವ್ರೇ! ಆ ಅಮ್ಮ? ಅದಕ್ಕೆ ಗಂಟೇ ಸಿಕ್ಕಿರಲಿಲ್ವಲ್ಲ. ಯಾರನ್ನ ನೆನೆಸ್ಕೊಂಡೆ?”

“ನಿಮ್ಮನ್ನ.”

ಅತ್ತೆ ಬಾಯಿ ತೆರೆದರು, ನಗಲಿಲ್ಲ. ಮಗುವನ್ನು ಕೆಳಗಿಳಿಸಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಸೊಸೆಗೂ ಎದೆ ತುಂಬಿ ಬಂತು. ಇವರ ಋಣ ತನ್ನ ಕೈಯಲ್ಲಿ ತೀರುವಂಥದ್ದಲ್ಲ, ತೀರದಿದ್ದರೇ ಒಳ್ಳೆಯದು ಅನ್ನಿಸಿತು. ನೆಟ್ಟಗೆ ಅಡುಗೆಮನೆಗೆ ಹೋಗಿ ಕಿಟಕಿಯ ಎರಡೂ ಬಾಗಿಲುಗಳನ್ನು ಹಾರುಹೊಡೆದಳು.

“ಈಗ ನಗಿ, ಅಮ್ಮಾ. ನನಗೆ ಹಗಲು ಪಾಳಿ ಸಿಕ್ತು ಅಂತ ಆ ಬೇಕರಿಯವನಿಗೂ ಗೊತ್ತಾಗ್ಲಿ.”