ಆರನೆಯ ಸಾಲಿನ ಹಸಿರು ಗೀಟು

ಗಾಜಿನ ಗೋಡೆಯಾಚೆ ಅಕ್ಕ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು — ಎದುರಿಗೆ ಕೂತ ಮ್ಯಾನೇಜರ್ ಗದರುತ್ತಿಲ್ಲ, ಗದರಿದ್ದರೆ ಚೆನ್ನಾಗಿತ್ತು, ಆ ಮನುಷ್ಯ ಮೆಲ್ಲಗೆ ಮಾತಾಡುತ್ತಾನೆಂದರೆ ಕೆಲಸ ಹೋಯಿತೆಂದೇ ಅರ್ಥ, ಈಚೆ ಮೇಜಿನಲ್ಲಿ ಕೂತ ಇವನು ಎದ್ದು ಹೋಗಿ ಹೇಳಬೇಕು, ಅಕ್ಕ ಅಲ್ಲ ಸಾರ್ ನಾನು, ನಾಲ್ಕೇ ಪದ, ಕಾಲು ಏಳುವುದಿಲ್ಲ, ಹಾಳು ಕಾಲು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಹನ್ನೊಂದು ವರ್ಷದಿಂದ ಇಲ್ಲಿ ಲಿನಕ್ಸ್ ಟೆಂಪ್ಲೇಟು, ಅಂದರೆ ನಕಲು ತೆಗೆಯುವ ಮೂಲ ಅಚ್ಚು, ಕಟ್ಟುವವಳು, ಇವನಿಗೆ ಕೆಲಸ ಕಲಿಸಿದವಳು — ಒಂದು ಸಿಸ್ಟಮ್ ಚೊಕ್ಕವಾಗಿ ಮಾಡಿಡು, ಅದರಿಂದ ಎಷ್ಟು ಕಂಟೇನರ್ ಬೇಕಾದ್ರೂ ಹುಟ್ಟುತ್ವೆ, ಗಿರಾಕಿಗಳಿಗೆ ಒಂದೊಂದು ಪುಟ್ಟ ಕಂಪ್ಯೂಟರ್ ಇದ್ದಂಗೆ, ಆದ್ರೆ ಗಂಟು ಕಟ್ಟೋ ಮುಂಚೆ ಒಳಗಿರೋ ಕೀಲಿ ಅಳಿಸು ಕಣೋ, ಇಲ್ದಿದ್ರೆ ಬೀದಿ ಮನೆಗಳಿಗೆಲ್ಲ ಒಂದೇ ಬೀಗದಕೈ ಆಗುತ್ತೆ. ಅದೇ ಆರನೆಯ ಸಾಲು, ಅವಳ ಕೈಬರಹದ ಎಂಟು ಸಾಲಿನ ಪಟ್ಟಿಯಲ್ಲಿ, ಒಂದೊಂದು ಮುಗಿದ ಮೇಲೆ ಹಸಿರು ಪೆನ್ನಿನಲ್ಲಿ ಒಂದೊಂದು ಗೀಟು, ಇವನೋ ಎಂಟಕ್ಕೂ ಮೊದಲೇ ಸರಸರನೆ ಗೀಟು ಎಳೆದು ಆಮೇಲೆ ಕೆಲಸಕ್ಕೆ ಕೂರುವವನು, ಆತುರಪ್ಪ ಎಂದು ಅವಳೇ ಇಟ್ಟ ಹೆಸರು, ಆವತ್ತು ಐದು ಮುಗಿಸುವಷ್ಟರಲ್ಲಿ ಹೆಂಡತಿಯ ಫೋನು, ಕೆಲಸ ಖಾಯಂ ಆಯ್ತೇನ್ರೀ, ಇದೊಂದು ಮುಗಿದ್ರೆ ಆಯ್ತು ಕಣೇ, ಫೋನಿಟ್ಟು ಪಟ್ಟಿ ನೋಡಿದರೆ ಆರಕ್ಕೆ ಗೀಟು ಇದ್ದೇ ಇತ್ತು, ಕೀಲಿ ಅಳಿಸದೆಯೇ ಗಂಟು ಕಟ್ಟಿಬಿಟ್ಟ, ಅದೂ ಅಕ್ಕನ ಲಾಗಿನ್ನಿನಲ್ಲಿ, ಹೊಸಬರಿಗೆ ಸ್ವಂತದ್ದು ಕೊಡುವುದಿಲ್ಲವಲ್ಲ. ಮೂರು ವಾರ. ನಾನೂರ ಹನ್ನೆರಡು ಕಂಟೇನರ್, ಎಲ್ಲಕ್ಕೂ ಒಂದೇ ಕೀಲಿ, ಯಾರೋ ಗಿರಾಕಿ ಕಂಡುಹಿಡಿದ, ಈಗ ಟೆಂಪ್ಲೇಟು ಅಳಿಸಿ ಏನು ಬಂತು, ಹುಟ್ಟಿದವು ಹುಟ್ಟಿಯಾಯಿತು. ಬಾಗಿಲು ತೆರೆಯಿತು, ಈಗಲಾದರೂ ಬಾಯಿಬಿಡು ಹೇಡಿ, ಅಕ್ಕ ನೇರ ಇವನ ಮೇಜಿಗೇ ಬಂದಳು, ನಾನೇ ಮರೆತೆ ಅಂತ ಬರ್ಕೊಟ್ಟೆ ಕಣೋ, ನಂಗೆ ಇನ್ನೆಲ್ಲಾದ್ರೂ ಸಿಗುತ್ತೆ, ನಿಂಗೆ ಇನ್ನೂ ಖಾಯಂ ಆಗಿಲ್ಲ — ಫೈಲಿನಿಂದ ಆವತ್ತಿನ ಪಟ್ಟಿಯ ಹಾಳೆ ತೆಗೆದು ಕೀಬೋರ್ಡಿನ ಮೇಲಿಟ್ಟಳು, ಇದು ನಿನ್ನ ಹತ್ರಾನೇ ಇರ್ಲಿ. ಅಂದರೆ ಅವಳಿಗೆ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು, ಅವಳ ಗೀಟು ಸಾಸಿವೆಯಷ್ಟು, ಇವನದಕ್ಕೆ ಉದ್ದ ಬಾಲ, ಅಕ್ಕಾ ಎನ್ನುವಷ್ಟರಲ್ಲಿ ಅವಳು ತನ್ನ ಮೇಜಿಗೆ ಹೋಗಿ ಬಾಟಲಿ, ಚಾರ್ಜರು, ಚೀಲ ಎತ್ತಿಕೊಂಡಳು, ಲಿಫ್ಟು ಮುಚ್ಚಿತು, ಫೋನು ಬಡಿದುಕೊಳ್ಳುತ್ತಿದೆ, ಹೆಂಡತಿ, ಆಯ್ತೇನ್ರೀ ಅನ್ನುತ್ತಾಳೆ, ಆಯ್ತು ಕಣೇ ಅನ್ನಬೇಕು, ಎತ್ತಬೇಕು, ಕೈ ಏಳುವುದಿಲ್ಲ, ಹಾಳೆ, ಆರನೆಯ ಸಾಲು, ಹಸಿರು ಗೀಟು, ಏಳನೆಯ ಸಾಲಿನವರೆಗೂ ಇಳಿದ ಅದರ ಬಾಲ, ಹಸಿರು ಗೀಟು