ಪೆಟ್ಟಿಗೆಯ ಕೆಳಗಿನ ಸಾಲು

ಶುಕ್ರವಾರ ಬೆಳಿಗ್ಗೆ ವಾಶ್‌ಬೇಸಿನ್ನಿನ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಇತ್ತು. ಸೊಸೆ ಅದನ್ನು ನೋಡಿದಳು, ನಲ್ಲಿ ತಿರುಗಿಸಿ ತೊಳೆದಳು, ಆಫೀಸಿಗೆ ಹೊತ್ತಾಯಿತೆಂದು ತಲೆ ಬಾಚಲು ಹೋದಳು. ಮನೆಯಲ್ಲಿ ಇರುವುದೇ ಮೂರು ಜನ. ಗಂಡ ಮೊದಲ ಪಾಳಿಯ ಬಸ್ಸು ಓಡಿಸಲು ಆಗಲೇ ಹೋಗಿಯಾಗಿತ್ತು. ಅಂದ ಮೇಲೆ ಆ ಗೆರೆ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಬಾಚಣಿಗೆ ತಲೆಯಲ್ಲಿಟ್ಟುಕೊಂಡೇ ಕೇಳಿದಳು.

"ಅತ್ತೆ, ಹಲ್ಲಲ್ಲಿ ರಕ್ತ ಬಂತಾ?"

"ಹೊಸ ಬ್ರಷ್ಷು ಕಣೇ. ನಿನ್ನ ಗಂಡ ತಂದಿದ್ದು. ಹಲ್ಲುಜ್ಜೋದೋ ಬಸ್ಸು ತೊಳೆಯೋದೋ ಅಂತ ನೋಡಿ ತರಬಾರದಾ?"

ಅತ್ತೆ ಕಿಟಕಿ ಪಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದರು. ನಲವತ್ತು ವರ್ಷ ದರ್ಜಿ ಕೆಲಸ ಮಾಡಿದ ಕೈ. ಕಣ್ಣು ಮಂಜಾದ ಮೇಲೆ ಹೊಸ ಬಟ್ಟೆ ಕತ್ತರಿಸುವುದು ನಿಲ್ಲಿಸಿದ್ದರು. ಹಳೆಯದನ್ನು ಸಡಿಲ ಮಾಡುವುದು, ಬಿಗಿ ಮಾಡುವುದು, ಇಷ್ಟನ್ನು ಬೆರಳಿನ ಅಂದಾಜಿನಲ್ಲೇ ಮಾಡುತ್ತಿದ್ದರು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮೈ ತಿರುಗಿಸಿ ಹೊಲಿಗೆಯಾಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ತಡವಿ ನೋಡುವುದು ಅವರ ಅಭ್ಯಾಸ. ಎರಡು ಬೆರಳು ಬಿಟ್ಟಿದ್ದರೆ ಹೊಲಿದವನನ್ನು ಹೊಗಳುತ್ತಿದ್ದರು. ಬಿಟ್ಟಿರದಿದ್ದರೆ ಅವನ ಏಳು ತಲೆಮಾರನ್ನೂ ಬಿಡುತ್ತಿರಲಿಲ್ಲ.

"ನೋಡು ಇವನ ಕೆಲಸ," ಎಂದು ಈಗಲೂ ಕೋಟು ಎತ್ತಿ ತೋರಿಸಿದರು. "ಹೊರಗಡೆ ಅಚ್ಚುಕಟ್ಟು. ಒಳಗೆ ಒಂದು ನೂಲೂ ಬಿಟ್ಟಿಲ್ಲ. ಮೈ ಬೆಳೆಯಲ್ವಾ ಮನುಷ್ಯಂದು?"

ಕೋಟು ಎತ್ತಿದಾಗ ಅವರ ತೋಳಿನ ಬಟ್ಟೆ ಜಾರಿತು. ಮೊಣಕೈ ಕೆಳಗೆ ಅಂಗೈಯಗಲ ನೇರಳೆ ಕಲೆ. ನೇರಳೆಯ ಸುತ್ತ ಹಳದಿ, ಮಧ್ಯೆ ಕಪ್ಪು.

"ಇದೇನಿದು ಅತ್ತೆ?"

"ಮೇಜಿಗೆ ತಗುಲಿರಬೇಕು."

"ಯಾವಾಗ?"

"ನೆನಪಿಲ್ಲ. ನನಗೆ ನೋವೂ ಆಗಲಿಲ್ಲ. ನೀನು ಹೊರಡು, ನಿನ್ನ ಅಳತೆಪಟ್ಟಿ ಬಾಗಿಲಲ್ಲೇ ಕಾಯ್ತಿರುತ್ತೆ."

ಅಳತೆಪಟ್ಟಿ ಎಂದರೆ ಅವಳ ಆಫೀಸಿನ ಯಜಮಾನ. ಸೊಸೆ ಮನೆಗೆ ಬಂದು ಹೇಳಿದ ಕತೆಗಳನ್ನು ಕೇಳಿ ಕೇಳಿ ಅತ್ತೆಯೇ ಇಟ್ಟ ಹೆಸರು ಅದು. ಒಂದು ಔಷಧಿ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ಆ ಆಫೀಸು. ಅಲ್ಲಿ ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಅತ್ತೆಯ ಕ್ಲಿನಿಕ್ಕಿನ ವೆಬ್‌ಸೈಟ್ ಮಾಡಿದ್ದೂ ಅವರೇ, ಅದರಲ್ಲೂ ಮಾತ್ರೆಯ ಪೇಜನ್ನು ಮಾಡಿದ್ದು ಈ ಸೊಸೆಯೇ.

ಮಾತ್ರೆಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಅತ್ತೆಯ ಹೃದಯದ ಒಂದು ಕವಾಟ ಬದಲಾಯಿಸಿದ್ದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ. ಪುಟ್ಟ ಮಾತ್ರೆ, ಆದರೆ ಹಟಮಾರಿ. ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಹೆಚ್ಚಾದರೆ ಎಲ್ಲೆಂದರಲ್ಲಿ ಸೋರುತ್ತದೆ. ಅದಕ್ಕೇ ಪ್ರತಿ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ರಕ್ತ ಕೊಡಬೇಕು, ಸಂಜೆ ತಮ್ಮ ಫೋನಿನಲ್ಲಿ ಆ ಪೇಜು ತೆರೆದು ಈ ವಾರ ಎಷ್ಟು ಮಾತ್ರೆ ಎಂದು ನೋಡಬೇಕು, ದಿನವೂ ರಾತ್ರಿ ಊಟವಾದ ಮೇಲೆ ಅಷ್ಟು ನುಂಗಬೇಕು. ಮುನ್ನೂರು ಜನ ಹೀಗೇ ಮಾಡುತ್ತಿದ್ದರು. ಸೋಮವಾರ ಒಮ್ಮೆ ನೋಡಿ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸೋಮವಾರದವರೆಗೆ ಯಾರೂ ಪೇಜಿನ ಕಡೆ ತಲೆ ಹಾಕುತ್ತಿರಲಿಲ್ಲ.

ಪೇಜು ಚೆಂದವಿತ್ತು. ನಡುವೆ ಒಂದು ನೀಲಿ ಪೆಟ್ಟಿಗೆ, ಅದರೊಳಗೆ ಅವರವರ ಲೆಕ್ಕ. ಆದರೆ ಅಕ್ಷರ ಸಣ್ಣದು. ಮುದುಕರು ತಮ್ಮ ಫೋನಿನಲ್ಲಿ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದರೂ ಈ ಪೇಜು ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ದೂರುಗಳು ಬಂದವು. ಬಂದ ದೂರುಗಳನ್ನು ಅಳತೆಪಟ್ಟಿ ತನ್ನ ದೊಡ್ಡ ಪರದೆಯಲ್ಲಿ ಪೇಜು ತೆರೆದು ನೋಡಿ, "ನನಗೆ ಕಾಣ್ತಿದೆಯಲ್ಲ" ಎಂದು ಒಂದೊಂದಾಗಿ ಮುಚ್ಚಿದ. ಆರು ತಿಂಗಳಲ್ಲಿ ಹನ್ನೊಂದು ಜನ ಬರೆದರು. ಒಬ್ಬ ಗಡಿಯಾರ ರಿಪೇರಿಯವರು ಐದು ಸಲ ಬರೆದರು. "ಮುಳ್ಳಿಲ್ಲದ ಗಡಿಯಾರ ಮಾರಿದ ಹಾಗಿದೆ ನಿಮ್ಮ ಕೆಲಸ. ಹೊತ್ತು ಒಳಗೆಲ್ಲೋ ಇದೆ, ನನಗೆ ಕಾಣುವುದಿಲ್ಲ."

ಅದನ್ನು ಓದಿದ ಮೇಲೆ ಸೊಸೆಗೆ ತಡೆಯಲಾಗಲಿಲ್ಲ. ಹೋದ ಶನಿವಾರ ಯಜಮಾನನ ಮೇಜಿನ ಮುಂದೆ ನಿಂತಳು.

"ಸರ್, ಅವರವರ ಫೋನಿನಲ್ಲಿ ಎಷ್ಟು ದೊಡ್ಡಕ್ಷರ ಇಟ್ಟಿದ್ದಾರೋ ನಮ್ಮ ಪೇಜೂ ಅಷ್ಟೇ ತೋರಿಸಲಿ. ನಮಗೇನು ಕಷ್ಟ?"

"ಪೆಟ್ಟಿಗೆ ಕೆಡುತ್ತೆ."

"ಪೆಟ್ಟಿಗೆಯೂ ದೊಡ್ಡದಾಗಲಿ."

"ಒಬ್ಬರಿಗೆ ಒಂದು ಅಳತೆ, ಇನ್ನೊಬ್ಬರಿಗೆ ಇನ್ನೊಂದಾ? ಕ್ಲಿನಿಕ್ಕಿನವರು ಒಪ್ಪಿದ್ದು ಈ ಪೆಟ್ಟಿಗೆ. ಅಕ್ಷರ ಬೇಕಾದರೆ ಹಿಗ್ಗಿಸಿಕೋ. ಪೆಟ್ಟಿಗೆ ಮುಟ್ಟಬೇಡ."

ಅಷ್ಟಾದರೂ ಸಿಕ್ಕಿತಲ್ಲ ಎಂದು ಅವಳು ಅಕ್ಷರದ ಕಟ್ಟು ಬಿಚ್ಚಿದಳು. ಪರೀಕ್ಷೆಗೆಂದು ಯಾವಾಗಲೂ ಬಳಸುವ ಸುಳ್ಳು ರೋಗಿಯ ಹೆಸರಿನಲ್ಲಿ ತೆರೆದು ನೋಡಿದಳು. ಆ ರೋಗಿಗೆ ಯಾವ ಕಾಲಕ್ಕೂ 'ದಿನಕ್ಕೆ ಒಂದು ಮಾತ್ರೆ' ಎಂಬ ಒಂದೇ ಸಾಲು. ದೊಡ್ಡದಾಗಿ, ದುಂಡಗೆ ಕಂಡಿತು. ಸಂತೋಷದಿಂದ ಹನ್ನೊಂದು ಜನಕ್ಕೂ ತಾನೇ ಬರೆದಳು: ಇನ್ನು ಮೇಲೆ ನಿಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಿ. ಗಡಿಯಾರದವರ ಉತ್ತರ ಆ ಕ್ಷಣವೇ ಬಂತು. "ಮುಳ್ಳು ಸಿಕ್ಕಿತು ತಾಯಿ. ನಿಮ್ಮ ಹೊಟ್ಟೆ ತಣ್ಣಗಿರಲಿ." ಅತ್ತೆಯಂತೂ ಸೋಮವಾರ ಸಂಜೆ ಫೋನನ್ನು ಪಕ್ಕದ ಮನೆಯವರಿಗೂ ತೋರಿಸಿ ಬಂದಿದ್ದರು. "ನಮ್ಮ ಸೊಸೆ ಮಾಡಿದ್ದು. ಕನ್ನಡಕವೇ ಬೇಡ."

ಶುಕ್ರವಾರ ಅವಳು ಚಪ್ಪಲಿ ಹಾಕಿಕೊಂಡದ್ದಾಗಿತ್ತು. ಆಗ ಅತ್ತೆ ಬೆರಳು ಬಾಯಿಗಿಟ್ಟುಕೊಂಡರು. ಸೂಜಿ ಚುಚ್ಚಿತ್ತು, ಅಷ್ಟೇ. ದರ್ಜಿಗೆ ಸೂಜಿ ಚುಚ್ಚುವುದು ದೊಡ್ಡ ಮಾತಲ್ಲ. ಚೀಪಿ ತೆಗೆದರು, ಮತ್ತೆ ಬಂತು. ಬಟ್ಟೆಯ ಚೂರು ಸುತ್ತಿದರು, ಚೂರು ನೆನೆಯಿತು. ಇನ್ನೊಂದು ಚೂರು ಸುತ್ತಿದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಸಿನ್ನಿನ ಗೆರೆ, ತೋಳಿನ ಕಲೆ, ಈ ಬೆರಳು. ಮೂರೂ ಒಂದೇ ಕಡೆಯಿಂದ ಬರುತ್ತಿವೆ ಎನ್ನಿಸಿ ಚಪ್ಪಲಿ ಕಳಚಿ ಒಳಗೆ ಬಂದಳು.

"ಅತ್ತೆ, ಮಾತ್ರೆ ಎಷ್ಟು ತಗೋತಿದ್ದೀರಿ?"

"ಎರಡು."

"ನಿನ್ನೆ?"

"ನಿನ್ನೆಯೂ ಎರಡು. ನನ್ನನ್ನೇನು ಕೇಳ್ತೀಯ? ನೀನು ಬರೆದಿದ್ದೇ ಅಲ್ವಾ?"

"ನಾನು ಬರೆಯಲ್ಲ ಅತ್ತೆ, ಕ್ಲಿನಿಕ್ಕಿನವರು ಬರೀತಾರೆ. ಎರಡು, ಎಲ್ಲಿಯವರೆಗೆ ಅಂತಿತ್ತು?"

"ಎಲ್ಲಿಯವರೆಗೆ ಅಂತ ಏನೂ ಇಲ್ಲ. ನೋಡ್ಕೋ ಬೇಕಾದರೆ."

ಅತ್ತೆಯ ಫೋನಿನಲ್ಲಿ ನೀಲಿ ಪೆಟ್ಟಿಗೆ ಇತ್ತು. ಒಳಗೆ ಹೆಬ್ಬೆರಳಿನಷ್ಟು ಅಕ್ಷರ. ಮೇಲೆ ಅವರ ಹೆಸರು, ಕೆಳಗೆ 'ದಿನಕ್ಕೆ ಎರಡು ಮಾತ್ರೆ', ಅದರ ಕೆಳಗೆ 'ರಾತ್ರಿ ಊಟದ ನಂತರ'. ಅಲ್ಲಿಗೆ ಪೆಟ್ಟಿಗೆಯ ಅಂಚು. ಅರ್ಧ ಅಕ್ಷರವಾಗಲಿ, ಒಂದು ಕೊಂಬಾಗಲಿ ಹೊರಗೆ ಇಣುಕಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಏನೂ ಇರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಅಂಚು ಮಡಿಸಿದಷ್ಟು ನೀಟು.

ಅವಳು ತನ್ನ ಫೋನಿನಲ್ಲಿ ಅದೇ ಪೇಜು ತೆರೆದಳು. ಅವಳ ಕಣ್ಣು ಚೆನ್ನಾಗಿತ್ತು, ಅಕ್ಷರ ಸಣ್ಣದಿತ್ತು, ಪೆಟ್ಟಿಗೆಯಲ್ಲಿ ಜಾಗವಿತ್ತು. ಅತ್ತೆಯ ಫೋನಿನಲ್ಲಿ ಅಂಚಿನ ಕೆಳಗೆ ಮುಚ್ಚಿಹೋಗಿದ್ದ ಇನ್ನೊಂದು ಸಾಲು ಅಲ್ಲಿತ್ತು. 'ಎರಡು ದಿನ ಮಾತ್ರ. ಮೂರನೇ ದಿನದಿಂದ ಅರ್ಧ.'

ಸೋಮ, ಮಂಗಳ ಸರಿ. ಬುಧ, ಗುರುವಾರ ಅರ್ಧದ ಜಾಗದಲ್ಲಿ ಎರಡೆರಡು.

"ಯಾಕೇ, ಮುಖ ಹಾಗಾಯ್ತು?" ಎಂದರು ಅತ್ತೆ. ಬೆರಳಿಗೆ ಮೂರನೇ ಚೂರು ಸುತ್ತುತ್ತಿದ್ದರು.

ಫೋನು ಮಾಡಿದರೆ ಕ್ಲಿನಿಕ್ಕಿನ ಸಿಸ್ಟರ್ ಮಾತು ಪೂರ್ತಿ ಕೇಳಲೂ ಇಲ್ಲ. "ಈಗಿಂದೀಗಲೇ ಕರ್ಕೊಂಡು ಬನ್ನಿ. ನಡೆಸಬೇಡಿ, ಎಲ್ಲೂ ತಗುಲಿಸಬೇಡಿ," ಎಂದಳು. ಗಾಡಿಯಲ್ಲಿ ಪ್ರತಿ ಹಳ್ಳಕ್ಕೂ ಸೊಸೆ ಅತ್ತೆಯ ಭುಜವನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದಳು. ರಕ್ತ ತೆಗೆದು ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿ, ಸೂಜಿಮದ್ದು ಕೊಟ್ಟು, ಮಂಚ ತೋರಿಸಿದರು. ಇನ್ನೊಂದು ರಾತ್ರಿ ಎರಡು ನುಂಗಿದ್ದರೆ ಎಂದು ಶುರು ಮಾಡಿ ಆ ಮಾತನ್ನು ಅಲ್ಲೇ ಬಿಟ್ಟರು.

ಅತ್ತೆ ಮಂಚದ ಮೇಲಿಂದ ಕೈಸನ್ನೆ ಮಾಡಿ ಕರೆದರು. ಸೊಸೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಬೈಗುಳ ಬರುತ್ತದೆಂದು ಕಾದಳು.

"ಒಳಗೆ ಬಟ್ಟೆ ಬಿಡಲಿಲ್ಲ ನೀನು," ಎಂದರು ಅತ್ತೆ, ಅಷ್ಟೇ. ಆಮೇಲೆ, "ನನ್ನಂಥ ಗಿರಾಕಿ ಇನ್ನೆಷ್ಟು ಜನ ಇದ್ದಾರೆ? ಇಲ್ಲಿ ಕೂತು ನನ್ನ ಮುಖ ಯಾಕೆ ನೋಡ್ತೀಯ?" ಎಂದರು.

ಆ ಪ್ರಶ್ನೆ ಅವಳಿಗೆ ಗಾಡಿಯಲ್ಲೇ ಎದ್ದಿತ್ತು. ಉತ್ತರವೂ ಗೊತ್ತಿತ್ತು. ಹನ್ನೊಂದು ಜನ. ಕಾಣುವುದಿಲ್ಲ ಎಂದು ಬರೆದವರು. ದೊಡ್ಡದು ಮಾಡಿಕೊಳ್ಳಿ ಎಂದು ಅವಳೇ ಕೈಯಾರೆ ಬರೆದು ತಿಳಿಸಿದ್ದವರು.

ಮೊದಲು ಆಫೀಸಿಗೆ ಫೋನು ಮಾಡಿ ಕೊನೆಯ ಸಾಲು ಮುಚ್ಚಿಹೋದದ್ದನ್ನು ಹೇಳಿದಳು. ಅಳತೆಪಟ್ಟಿ ಅತ್ತೆಯ ಪೇಜು ತೆರೆಯಲು ಕೀಲಿ ಒತ್ತಿದ ಸದ್ದು ಕೇಳಿಸಿತು. "ನನಗೆ ನಾಲ್ಕೂ ಸಾಲು ಕಾಣ್ತಿದೆಯಲ್ಲಮ್ಮ."

"ನಿಮಗೆ ಕಾಣುತ್ತೆ ಸರ್. ಅದೇ ರೋಗ."

"ಸೋಮವಾರ ಕೂತು ಮಾತಾಡೋಣ."

ಅವಳು ಫೋನಿಟ್ಟು, ಕಾರಿಡಾರಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಯಾರನ್ನೂ ಕೇಳದೆ ಪೆಟ್ಟಿಗೆಯ ತಳ ಬಿಚ್ಚಿದಳು. ಅಕ್ಷರ ಬೆಳೆದಷ್ಟೂ ಪೆಟ್ಟಿಗೆ ಇಳಿಯಿತು. ಹತ್ತು ನಿಮಿಷದ ಕೆಲಸ. ಆದರೆ ಶುಕ್ರವಾರ ಆ ಪೇಜು ನೋಡುವವರು ಯಾರು? ಸರಿಯಾದ ಸಾಲು ಅಲ್ಲಿ ಒಂಟಿಯಾಗಿ ನಿಂತಿತ್ತು, ಓದುವವರಿಲ್ಲದೆ.

ಸಿಸ್ಟರ್ ಮುನ್ನೂರು ಹೆಸರಿನ ಪಟ್ಟಿ ಹಿಡಿದು ಬಂದಳು. "ಫೋನು ಮಾಡೋಕೆ ನಾವಿಬ್ಬರೇ ಇರೋದು. ಯಾರಿಂದ ಶುರು ಮಾಡಲಿ?"

"ಈ ಹನ್ನೊಂದು ಜನ. ನಾನೇ ಮಾಡ್ತೀನಿ. ಉಳಿದವರು ದೂರೇ ಕೊಟ್ಟಿಲ್ಲ, ಅಂದ ಮೇಲೆ ಅಕ್ಷರ ಹಿಗ್ಗಿಸಿರಲ್ಲ, ಅವರಿಗೆ ಎಲ್ಲ ಸಾಲೂ ಕಂಡಿರುತ್ತೆ. ಅವರಿಗೆ ನಿಧಾನವಾಗಿ ಮಾಡಿದರೂ ನಡೆಯುತ್ತೆ."

ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಆರು ಜನಕ್ಕೆ ಈ ವಾರವಿಡೀ ಒಂದೇ ಲೆಕ್ಕ, ಅಪಾಯವಿರಲಿಲ್ಲ. ನಾಲ್ಕು ಜನಕ್ಕೆ ಸಾಲು ತಪ್ಪಿತ್ತು. ಅದರಲ್ಲಿ ಒಬ್ಬ ಅಜ್ಜಿ, "ಮೂಗಲ್ಲಿ ಸ್ವಲ್ಪ ಬಂತಮ್ಮ, ಉಷ್ಣ ಅಂದ್ಕೊಂಡೆ," ಎಂದರು. ಅವರ ಮಗಳ ಕೈಗೆ ಫೋನು ಕೊಡಿಸಿ ಹೇಳಬೇಕಾದ್ದು ಹೇಳಿದಳು. ಹತ್ತು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಹನ್ನೊಂದನೆಯದು ಗಡಿಯಾರದವರು.

ಬರೆದ ಕ್ಷಣಕ್ಕೇ ಉತ್ತರ ಕೊಡುವ ಮನುಷ್ಯ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದಳು. ನಾಲ್ಕನೇ ಸಲಕ್ಕೆ ಅವಳು ಎದ್ದು ನಿಂತಿದ್ದಳು. ವಿಳಾಸ ಪಟ್ಟಿಯಲ್ಲಿತ್ತು, ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆ.

ಅಂಗಡಿಯ ಶಟರ್ ಮೊಣಕಾಲಿನವರೆಗೆ ಎತ್ತಿತ್ತು. ಪಕ್ಕದ ಬೀಗದ ಅಂಗಡಿಯವನು, "ಬೆಳಿಗ್ಗೆಯಿಂದ ಹಾಗೇ ಇದೆ. ಒಳಗಿದ್ದಾರೆ ಅನ್ಸುತ್ತೆ, ಮಾತಿಲ್ಲ," ಎಂದ. ಇಬ್ಬರೂ ಸೇರಿ ಶಟರ್ ಎತ್ತಿದರು. ಒಳಗೆ ಗೋಡೆ ತುಂಬ ಗಡಿಯಾರ. ಒಂದೊಂದು ಒಂದೊಂದು ಹೊತ್ತು ತೋರಿಸುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಮೇಜಿನ ಹಿಂದೆ ಅವರು ತಲೆ ಹಿಂದಕ್ಕೆ ವಾಲಿಸಿ, ಮೂಗಿಗೆ ಟವೆಲ್ ಒತ್ತಿಕೊಂಡು ಕೂತಿದ್ದರು. ಟವೆಲ್ಲಿನ ಮೂಲ ಬಣ್ಣ ಯಾವುದೆಂದು ತಿಳಿಯುವಂತಿರಲಿಲ್ಲ.

"ಯಾರು?"

"ನಾನು, ಪೇಜಿನವಳು. ದೊಡ್ಡಕ್ಷರ ಮಾಡಿಕೊಟ್ಟವಳು."

ಅವರ ಮುಖ ಅರಳಿತು, ಆ ಸ್ಥಿತಿಯಲ್ಲೂ. "ಓ, ನೀನಾ ತಾಯಿ! ಏಳಕ್ಕಾಗ್ತಿಲ್ಲ, ಫೋನು ಎಲ್ಲೋ ಕೂಗ್ತಿತ್ತು. ಎಷ್ಟು ಚೆನ್ನಾಗಿ ಕಾಣ್ತು ಗೊತ್ತಾ?"

ಬೀಗದವನು ಗಾಡಿ ಕರೆಯಲು ಓಡಿದ. ಅವಳು ಮೇಜಿನ ಹಿಂದೆ ಹೋಗಿ, ಅವರ ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗನ್ನು ತನ್ನ ಬೆರಳಿನಲ್ಲೇ ಬಿಗಿಯಾಗಿ ಹಿಡಿದಳು. ಬದುಕಿದ್ದಾರೆ, ಹನ್ನೊಂದನೆಯವರೂ ಸಿಕ್ಕರು ಎಂದು ಉಸಿರು ಬಿಡುವಷ್ಟರಲ್ಲಿ, ಟವೆಲ್ಲಿನ ಒಳಗಿನಿಂದ ಅವರು ಮಾತು ಮುಂದುವರಿಸಿದರು.

"ಎಲ್ಲರೂ ನಿನ್ನನ್ನು ಹರಸಿದರು ಕಣಮ್ಮ."

"ಎಲ್ಲರೂ ಅಂದರೆ?"

"ಸೋಮವಾರ ರಕ್ತ ಕೊಡೋಕೆ ಕೂತಿದ್ವಲ್ಲ, ಅವರೆಲ್ಲ. ಪಾಪ, ಯಾರಿಗೂ ಸರಿಯಾಗಿ ಕಾಣ್ತಿರಲಿಲ್ಲ, ಹೇಳ್ಕೊಳ್ಳೋಕೆ ನಾಚಿಕೆ. ನನಗೆ ಕೈ ಸುಮ್ಮನಿರಲ್ಲ. ಒಬ್ಬೊಬ್ಬರ ಫೋನೂ ಇಸ್ಕೊಂಡು ನಾನೇ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಎಲ್ಲಕ್ಕಿಂತ ದೊಡ್ಡದು."

"ಎಷ್ಟು ಜನಕ್ಕೆ?"

"ಎರಡು ಬೆಂಚು ತುಂಬ ಇದ್ರು. ಆಮೇಲೆ ಗೋಡೆ ಪಕ್ಕ ನಿಂತಿದ್ದವರು."

"ಅವರ ಹೆಸರು?"

"ಫೋನು ಕೇಳಿದೆ ತಾಯಿ. ಹೆಸರು ಯಾಕೆ ಕೇಳಲಿ?"

ಒಂದು ಕೈಯಲ್ಲಿ ಮೂಗು ಹಿಡಿದೇ ಇನ್ನೊಂದು ಕೈಯಲ್ಲಿ ಅವಳು ಸಿಸ್ಟರಿಗೆ ಫೋನು ಹಚ್ಚಿದಳು. "ಹನ್ನೊಂದಲ್ಲ ಸಿಸ್ಟರ್. ಯಾರು ಅಂತ ಗೊತ್ತಿಲ್ಲ. ಮುನ್ನೂರೂ ಮಾಡಬೇಕು, ಈಗಲೇ ಶುರು ಮಾಡಿ, ನಾನು ಬಂದೆ."

"ರಾತ್ರಿ ಊಟದ ಹೊತ್ತಿಗೆ ಎಲ್ಲರೂ ನುಂಗಿಬಿಡ್ತಾರೆ," ಎಂದಳು ಸಿಸ್ಟರ್ ಮೆಲ್ಲಗೆ.

"ತಾತ," ಎಂದಳು ಅವಳು, ಗೋಡೆಯತ್ತ ತಿರುಗಿ, "ಇದರಲ್ಲಿ ಸರಿಯಾದ ಹೊತ್ತು ತೋರಿಸೋದು ಯಾವುದು?"

ಅವರು ಕಣ್ಣು ಕಿರಿದು ಮಾಡಿ, ಬೆರಳೆತ್ತಿ, ಎಲ್ಲಕ್ಕಿಂತ ದೊಡ್ಡ ಅಂಕಿಗಳಿದ್ದ ಗಡಿಯಾರವನ್ನು ತೋರಿಸಿದರು. ನಾಲ್ಕು ಗಂಟೆ ದಾಟಿತ್ತು.