ಹೊತ್ತು ಮುಳುಗುವ ಮುಂಚಿನ ಊಟ

ಬೆಳಕು ಬರುವುದು ಸರಿಯಾಗಿ ಊಟದ ಹೊತ್ತಿಗೆ. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅಭಿನಂದನನಿಗೆ ತಿಳಿಯುತ್ತಿರಲಿಲ್ಲ. ಸೂರ್ಯನ ಮೇಲೆ ಮಾಡಿದರೆ ಕೇಳುವವರಿಲ್ಲ, ಅವ್ವನ ಮೇಲೆ ಮಾಡಿದರೆ ಓಣಿಯೆಲ್ಲ ಕೇಳುತ್ತದೆ. ಹೀಗಾಗಿ ಅವನು ದಿನಾ ಸಂಜೆ ಮುಖ ಗಂಟು ಹಾಕಿಕೊಂಡು, ಏನೂ ತಪ್ಪು ಮಾಡದ ಜೋಳದ ರೊಟ್ಟಿಯನ್ನು ಹರಿದು ಹರಿದು ತಿನ್ನುತ್ತಿದ್ದ.

ಶೇಡಬಾಳದಲ್ಲಿ ಅವನದೊಂದು ಹನಿ ನೀರಾವರಿ ಪೈಪಿನ ಅಂಗಡಿ ಇತ್ತು. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಕೆಟ್ಟದ್ದೆಂದರೆ ತಲೆಗೆ ಹತ್ತಿದ ಕ್ಯಾಮೆರಾ ಹುಚ್ಚು. ಮದುವೆ, ಸೀಮಂತ, ಬರ್ತ್‌ಡೇ ಫೋಟೊ ತೆಗೆಯುವ ಹುಚ್ಚಾಗಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಇವನಿಗೆ ಬೇಕಾದದ್ದು ನೆಲ, ನೀರು, ಮೋಡ, ಮತ್ತು ಅವುಗಳ ಮೇಲೆ ಬೀಳುವ ಬೆಳಕು. ಮನುಷ್ಯರು ಚೌಕಟ್ಟಿನೊಳಗೆ ಬಂದರೆ ಅವನು ಅವರು ಹೋಗುವ ತನಕ ಕಾಯುತ್ತಿದ್ದ. ಇಂಥವನನ್ನು ಯಾರು ತಾನೆ ಮೆಚ್ಚುತ್ತಾರೆ?

"ನಮ್ಮ ಕಡೆ ಏನ್ ಐತೋ ಫೋಟೊ ತಗ್ಯಾಕ?" ಎಂದು ಅವನ ಕಾಕಾ ಬಾಪುಸಾಹೇಬ ಕೇಳುತ್ತಿದ್ದ. "ಇತ್ಲಾಗ ಕಬ್ಬು, ಅತ್ಲಾಗ ಕಬ್ಬು. ಮಹಾಬಳೇಶ್ವರಕ್ಕ ಹೋಗು, ಗುಡ್ಡ ಅದಾವು, ಮಂಜ ಐತಿ, ಸ್ಟ್ರಾಬೆರಿ ತಿಂದ ಬಾ."

ಏನಿದೆ ಎಂದು ಹೇಳಿದರೂ ಕಾಕಾನಿಗೆ ತಿಳಿಯುತ್ತಿರಲಿಲ್ಲ. ಜುಗೂಳದ ಕಡೆ ಕೃಷ್ಣೆ ಬಾಗುವಲ್ಲಿ ಒಂದು ದಿನ್ನೆಯಿದೆ. ಆಚೆ ದಂಡೆಯಿಂದ ಚಿಕ್ಕೋಡಿ, ರಾಯಬಾಗದ ಹೊಲಗಳು ಕಣ್ಣು ಹಾಯುವಷ್ಟೂ ದೂರ. ಮಳೆಗಾಲದ ಕೊನೆಯಲ್ಲಿ ದಿನವಿಡೀ ಆಕಾಶಕ್ಕೆ ಮೋಡದ ಮುಚ್ಚಳ. ಇನ್ನೇನು ಹೊತ್ತು ಮುಳುಗಬೇಕು ಎನ್ನುವಾಗ, ಕೆಲವು ದಿನ ಮಾತ್ರ, ಮೋಡಕ್ಕೂ ನೆಲಕ್ಕೂ ನಡುವೆ ಗೇಣಗಲ ಸಂದು ಬಿಡುತ್ತದೆ. ಸೂರ್ಯ ಅಲ್ಲಿಂದ ಇಣುಕಿದರೆ ಇಡೀ ಹೊಳೆ ತಾಮ್ರದ ಕೊಡ ಬೋರಲು ಹಾಕಿದ ಹಾಗೆ ಹೊಳೆಯುತ್ತದೆ, ಕಬ್ಬಿನ ಗರಿಗಳಿಗೆ ಕೆಳಗಿನಿಂದ ಬೆಂಕಿ ಹತ್ತುತ್ತದೆ, ಮೇಲಿನ ಕರಿಮೋಡ ಇನ್ನಷ್ಟು ಕರಿದಾಗುತ್ತದೆ. ಚಹಾ ಆರುವುದರೊಳಗೆ ಎಲ್ಲ ಮುಗಿದಿರುತ್ತದೆ. ದೀಪಾವಳಿ ದಾಟಿತೆಂದರೆ ಮೋಡವೂ ಇಲ್ಲ, ಬೆಳಕೂ ಇಲ್ಲ. ಕಬ್ಬಿನ ಲಾರಿಗಳ ಧೂಳು, ಪಾತ್ರೆ ತೊಳೆದ ನೀರಿನಂಥ ಆಕಾಶ. ಆ ಒಂದು ಚಿತ್ರಕ್ಕಾಗಿ ಅಭಿನಂದನ ಮೂರು ಮಳೆಗಾಲ ಜೀವ ತೇಯ್ದಿದ್ದ. ಮೂರು ಮಳೆಗಾಲವೂ ಆ ಬೆಳಕು ಬಂದಾಗ ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ರೊಟ್ಟಿ ಇತ್ತು.

ಯಾಕೆಂದರೆ ಮಳೆಗಾಲವೇ ಚಾತುರ್ಮಾಸ. ಚಾತುರ್ಮಾಸದ ನಾಲ್ಕು ತಿಂಗಳು ಅವನ ಅವ್ವ ಕಾಶಿಬಾಯಿ, ಹೊತ್ತು ಮುಳುಗಿದ ಮೇಲೆ ಅನ್ನವನ್ನೂ ಮುಟ್ಟುತ್ತಿರಲಿಲ್ಲ, ನೀರನ್ನೂ ಮುಟ್ಟುತ್ತಿರಲಿಲ್ಲ. ಮರುದಿನ ಹೊತ್ತು ಹುಟ್ಟಿದ ಮೇಲೆಯೇ ಬಾಯಿಗೆ ಒಂದು ಲೋಟ ಬಿಸಿನೀರು. ಜೈನರ ಮನೆಗಳಲ್ಲಿ ಇದು ಹೊಸದಲ್ಲ. ಅಭಿನಂದನನ ತಕರಾರೂ ಅದರ ಮೇಲೆ ಇರಲಿಲ್ಲ. ಗಂಡ ತೀರಿಹೋದ ಮೇಲೆ ಅವಳು ತಾನೇ ಇನ್ನೊಂದು ನೇಮ ಕಟ್ಟಿಕೊಂಡಿದ್ದಳು. ಮಗ ಎದುರಿಗೆ ಕೂತು ಮೊದಲ ತುತ್ತು ಬಾಯಿಗಿಡುವ ತನಕ ಅವಳು ತಾಟಿಗೆ ಕೈ ಹಾಕುತ್ತಿರಲಿಲ್ಲ. ಇದು ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಬಸದಿಯಲ್ಲಿ ಚಾತುರ್ಮಾಸಕ್ಕೆ ಕೂತ ಮುನಿ ಮಹಾರಾಜರನ್ನೇ ಅವನು ಕೇಳಿ ಬಂದಿದ್ದ.

"ಶಾಸ್ತ್ರದಾಗ ಇಲ್ಲಂತಬೇ. ನೀ ಮೊದಲ ಉಣ್ಣು, ನಾ ಬಂದ ಉಣತೀನಿ."

"ಉಣ್ಣಪಾ, ಯಾರ ಬ್ಯಾಡ ಅಂದಾರ? ನನಗ ಗಂಟಲದಾಗ ಇಳ್ಯಾಂಗಿಲ್ಲ, ಅಷ್ಟ."

ಅಷ್ಟೇ. ಜಗಳ ಇಲ್ಲ, ಕಣ್ಣೀರು ಇಲ್ಲ. ಅವನು ಬಾರದಿದ್ದರೆ ತಾಟು ಮುಚ್ಚಿಟ್ಟು, ಜಪಮಣಿ ಹಿಡಿದು ಕೂತುಬಿಡುತ್ತಿದ್ದಳು. ಮರುದಿನ ಬೆಳಗಿನ ತನಕ ಹೊಟ್ಟೆಗೆ ಹನಿ ನೀರಿಲ್ಲ. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವಳೊಂದಿಗೆ ಏನು ಮಾಡುವುದು?

ಒಂದೆರಡು ಸಲ ಎದೆ ಗಟ್ಟಿ ಮಾಡಿ ಹೋಗಿದ್ದೂ ಉಂಟು. ಒಮ್ಮೆ ಟ್ರೈಪಾಡ್ ಊರಿ, ಸಂದು ಬಿಡುತ್ತದೋ ಇಲ್ಲವೋ ಎಂದು ಕಣ್ಣಲ್ಲಿ ಕಣ್ಣಿಟ್ಟು ನಿಂತಾಗ ಕುರಿ ಕಾಯುವ ಮಾಳಸಿದ್ದ ಬಂದ. ಮೂರು ಕಾಲಿನ ಯಂತ್ರ ಕಂಡರೆ ಈ ಕಡೆಯವರಿಗೆ ಒಂದೇ ಅನುಮಾನ.

"ಸರ್ವೇ ಏನ್ರಿ ಸಾಹೇಬ್ರ? ರೋಡ್ ಯಾರ ಹೊಲದಾಗ ಹೋಗತೈತಿ?"

"ಸರ್ವೇ ಅಲ್ಲಪಾ, ಫೋಟೊ."

"ಹಂಗ ಅಂತಾರ ಮೊದಲ. ಹೋದ ಸಲ ಕೆನಾಲ್ ಬಂದಾಗೂ ಹಂಗ ಅಂದ್ರು."

ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ಅವನ ಕುರಿಗಳು ಚೌಕಟ್ಟನ್ನು ತುಂಬಿದವು. ಕುರಿಗಳು ಸರಿಯುವಷ್ಟರಲ್ಲಿ ಕೆಳಗೆ ಬಾಪುಸಾಹೇಬ ಕಾಕಾನ ಬೈಕು ಫಟಫಟಿಸಿತು. "ನಿಮ್ಮವ್ವ ತಾಟ ಮುಂದ ಇಟಗೊಂಡ ಕುಂತಾಳಲೇ, ನೀ ಇಲ್ಲಿ ಮುಗಿಲ ನೋಡಾಕತ್ತಿ" ಎಂದು ಕಾಕಾ ಹೊಳೆಯ ಆಚೆಯವರಿಗೂ ಕೇಳಿಸುವಂತೆ ಕೂಗಿದ. ಅಭಿನಂದನ ಹಲ್ಲು ಕಡಿಯುತ್ತ ಟ್ರೈಪಾಡ್ ಮಡಿಚಿದ. ಮನೆ ಮುಟ್ಟುವಾಗ ಬೆನ್ನ ಹಿಂದೆ ಆಕಾಶ ಕೆಂಡವಾಗಿತ್ತು. ಅವನು ಬೇಕೆಂದೇ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು.

ಈ ವರ್ಷ ಹೆಂಡತಿ ಕಾಜಲ ಹೆರಿಗೆಗೆಂದು ನಿಪ್ಪಾಣಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ, ಮಗ ಇಬ್ಬರೇ. ಚಾತುರ್ಮಾಸ ಮುಗಿಯಲು ಬಂದಿತ್ತು, ಮೋಡ ಕಟ್ಟಿಕೊಂಡ ಒಂದು ವಾರ ಸಿಕ್ಕಿತ್ತು, ಮುಂದಿನ ವರ್ಷ ಮಡಿಲಲ್ಲಿ ಕೂಸು ಇರುತ್ತದೆ. ಆಗಲೇ ಅವನಿಗೆ ಆ ಬುದ್ಧಿ ಹೊಳೆಯಿತು. ಪಡಸಾಲೆಯ ಗೋಡೆಯ ಮೇಲೆ ಪಂಚಾಂಗವಿತ್ತು, ದಿನದಿನದ ಸೂರ್ಯಾಸ್ತದ ವೇಳೆ ಅದರಲ್ಲಿ ಅಚ್ಚಾಗಿತ್ತು. ಅದರ ಪಕ್ಕದಲ್ಲೇ ಗಡಿಯಾರ. ಮೋಡ ಮುಚ್ಚಿದ ದಿನ ಅವ್ವ ನಂಬುವುದು ಅವೆರಡನ್ನೇ. ಅವ್ವ ಹಿತ್ತಲಿಗೆ ಹೋದಾಗ ಅವನು ಸ್ಟೂಲ್ ಹತ್ತಿ ಮುಳ್ಳನ್ನು ಅರ್ಧ ತಾಸು ಮುಂದಕ್ಕೆ ತಿರುಗಿಸಿಬಿಟ್ಟ. ಯಾರಿಗೇನು ನಷ್ಟ? ಅವ್ವನ ಊಟ ಹೊತ್ತು ಮುಳುಗುವ ಮೊದಲೇ ಆಗುತ್ತದೆ, ಇನ್ನೂ ಮೊದಲೇ ಆಗುತ್ತದೆ. ನೇಮಕ್ಕೆ ನೇಮ, ಫೋಟೊಕ್ಕೆ ಫೋಟೊ. ಇಷ್ಟು ಸುಲಭದ ಉಪಾಯ ಮೂರು ವರ್ಷ ಹೊಳೆಯಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಉಪಾಯ ಚೆನ್ನಾಗಿಯೇ ಫಲಿಸಿತು. ಅವನು ಅಂಗಡಿಯಿಂದ ಬೇಗ ಬಂದು, ಕರೆಯುವ ಮೊದಲೇ ಕೈಕಾಲು ತೊಳೆದು ತಾಟಿನ ಮುಂದೆ ಕೂಡುತ್ತಿದ್ದ. ಅವ್ವ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿ ಎದುರಿಗೆ ಕೂಡುತ್ತಿದ್ದಳು. ಅವನು ತುತ್ತು ಇಟ್ಟ ಕೂಡಲೇ ಅವಳೂ ಇಡುತ್ತಿದ್ದಳು. ಉಂಡು ಅವಳು ಜಪಕ್ಕೆ ಒಳಗೆ ಹೋದರೆ ಇವನು ಬೈಕು ಹತ್ತುತ್ತಿದ್ದ. ದಿನ್ನೆಯ ಮೇಲೆ ಸಾಕಷ್ಟು ಬೆಳಕು ಉಳಿದಿರುತ್ತಿತ್ತು. ಸಂದು ಮಾತ್ರ ಬಿಡುತ್ತಿರಲಿಲ್ಲ. ಸೂರ್ಯನಿಗೂ ಈಗ ಹಟ ಬಂದಿದೆ ಎಂದು ಅವನು ಅಂದುಕೊಂಡ.

ಇತ್ತ ಅವ್ವ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯ ಮೇಲೆ ಹರಿಹಾಯತೊಡಗಿದ್ದಳು. "ಹೊತ್ತಾದ್ರೂ ಬಾಗಲಾ ತಗ್ಯಾಂಗಿಲ್ಲ ಅಂವಾ. ನಾ ಹೋಗಿ ಕಟ್ಟಿ ಮ್ಯಾಲ ಕುಂತಿರತೀನಿ. ಭಾಳ ಆಲಸಿ ಆಗ್ಯಾನ ಈಗೀಗ." ಅಭಿನಂದನ ಹೂಂ ಎನ್ನುತ್ತ ಹವಾಮಾನದ ಆ್ಯಪ್ ನೋಡುತ್ತಿದ್ದ. ಉಪಾಧ್ಯೆಯನ್ನು ಕಟ್ಟಿಕೊಂಡು ಅವನಿಗೇನಾಗಬೇಕಿತ್ತು?

ಎಂಟನೆಯ ಸಂಜೆ ಸಂದು ಬಿಟ್ಟಿತು. ಕುರಿ ಇಲ್ಲ, ಕಾಕಾ ಇಲ್ಲ. ಮೊದಲು ಆಚೆ ದಂಡೆಯ ಒಂದು ಗೆರೆ ಹಳದಿಯಾಯಿತು. ಆಮೇಲೆ ಹೊಳೆ, ಕಬ್ಬು, ಇವನ ಕೈ, ಕ್ಯಾಮೆರಾ ಎಲ್ಲ ಕೆಂಪಾದವು. ಅವನು ಕ್ಯಾಮೆರಾದ ಗುಂಡಿ ಒತ್ತುತ್ತ ಹೋದ. ಮೂರು ಮಳೆಗಾಲ ಮನಸ್ಸಿನಲ್ಲೇ ತೆಗೆದಿದ್ದ ಚಿತ್ರ ಪರದೆಯ ಮೇಲೆ ಮೂಡಿದಾಗ, ಅವನು ಆ ದಿನ್ನೆಯ ಮೇಲೆ ಒಬ್ಬನೇ ನಿಂತು ದೊಡ್ಡದಾಗಿ ನಕ್ಕ. ಅಷ್ಟು ಖುಷಿಯಾಗಿತ್ತು.

ಅದೇ ಖುಷಿಗೆ ಮರುದಿನ ನಸುಕಿನಲ್ಲಿ ಎಚ್ಚರವಾಯಿತು. ಬೆಳಗಾಗುವುದನ್ನು ನೋಡಿದ ನೆನಪೇ ಅವನಿಗಿರಲಿಲ್ಲ. ಅವನು ಸಂಜೆಯ ಮನುಷ್ಯ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತ ಕೂತಿದ್ದಾಗ ಅವ್ವ ಎದ್ದು ಬಂದಳು. ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಪಂಚಾಂಗ ನೋಡಿದಳು, ಗಡಿಯಾರ ನೋಡಿದಳು. ಒಳಗೆ ಹೋಗಿ ಬಿಸಿನೀರಿನ ಲೋಟ ತಂದು, ಕಿಟಕಿಯ ಕಡೆ ಮುಖ ಮಾಡಿ ಕೈಮುಗಿದು, ಗುಟುಕು ಗುಟುಕಾಗಿ ಕುಡಿದಳು.

ಕಿಟಕಿಯ ಹೊರಗೆ ಬೀದಿದೀಪ ಇನ್ನೂ ಉರಿಯುತ್ತಿತ್ತು.

ಅಭಿನಂದನನ ಕೈ ಲ್ಯಾಪ್‌ಟಾಪಿನ ಮೇಲೆ ಹಾಗೆಯೇ ನಿಂತಿತು. ಹೊತ್ತು ಹುಟ್ಟಲು ಇನ್ನೂ ಅರ್ಧ ತಾಸು ಇತ್ತು. ಸಂಜೆಗೆಂದು ತಿರುಗಿಸಿದ ಮುಳ್ಳು ಬೆಳಿಗ್ಗೆಯೂ ಅಲ್ಲೇ ಇರುತ್ತದೆ ಎಂಬ ಸಣ್ಣ ಮಾತು ಈ ಪೈಪಿನ ವ್ಯಾಪಾರಿಯ ತಲೆಗೆ ಎಂಟು ದಿನ ಹೊಳೆದಿರಲಿಲ್ಲ. ಅವ್ವ ಎಂಟು ಬೆಳಿಗ್ಗೆ ಕತ್ತಲಲ್ಲಿ ನೀರು ಕುಡಿದಿದ್ದಳು, ಎಂಟು ಬೆಳಿಗ್ಗೆ ನೇಮ ಮುರಿದಿದ್ದಳು, ಪ್ರತಿ ಸಲ ಕೈಮುಗಿದೇ ಮುರಿದಿದ್ದಳು. ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಸುಮ್ಮನಿರಬಹುದಿತ್ತು. ಅವ್ವ ಬಸದಿಗೆ ಹೋದಾಗ ಮುಳ್ಳು ಹಿಂದಕ್ಕೆ ತಿರುಗಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವ್ವ ಸೆರಗು ಹೊದ್ದು, ಬಾಗಿಲಲ್ಲಿ ನಿಂತು, "ಇವತ್ತ ಆ ಉಪಾಧ್ಯೆನ ಎಲ್ಲಾರ ಮುಂದ ಕೇಳೇ ಬಿಡತೀನಿ, ಹಿಂಗ ತಡಾ ಮಾಡಿದ್ರ ಹೆಂಗ ಅಂತ" ಎಂದಳು.

"ಅವ್ವಾ, ಅವಗ ಬೈಬ್ಯಾಡ. ಗಡಿಯಾರ ಮುಂದ ಐತಿ."

"ಎಷ್ಟ ಮುಂದ?"

"ಅರ್ಧ ತಾಸ."

"ಸೆಲ್ ಹೋಗಿರಬೇಕ."

"ಸೆಲ್ ಹೋದ್ರ ಹಿಂದ ಬೀಳತೈತಿ. ನಾನ ಮುಳ್ಳ ತಿರುವೇನಿ."

ಕಾಶಿಬಾಯಿ ಅಲ್ಲೇ ಹೊಸ್ತಿಲ ಹತ್ತಿರ ಕೂತಳು. ಅವನು ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಇಷ್ಟು ವರ್ಷದ ಸಿಡಿಮಿಡಿಯೂ ಬೆರೆಯಿತು: ನೀನು ಮೊದಲೇ ಉಂಡಿದ್ದರೆ ಇದೆಲ್ಲ ಯಾಕೆ ಬೇಕಿತ್ತು ಎಂದೂ ಹೇಳಿಬಿಟ್ಟ. ಕೊನೆಗೆ, ಇದಕ್ಕಾಗಿ ಎಂಬಂತೆ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಜುಗೂಳ ಹೊಳೀ ಏನಿದು?"

"ಹೂಂ."

"ಚಂದ ಬಂದೈತಿ." ಅವಳು ಕನ್ನಡಕ ತೆಗೆದಳು. "ನೇಮದ್ದ ಬಿಡು. ಗೊತ್ತಿಲ್ದ ಆಗೇತಿ. ಮಹಾರಾಜರನ್ನ ಕೇಳತೀನಿ, ಪ್ರಾಯಶ್ಚಿತ್ತ ಹೇಳತಾರ, ಮಾಡತೀನಿ. ಅದರದೇನಿಲ್ಲ."

"ಮತ್ತ?"

"ಎಂಟ ದಿನಾ ನಾ ಕರೀದನ ಬಂದ ಕುಂತಿ ನೀ. ಕೈಕಾಲ ತೊಳ್ಕೊಂಡ, ತಾಟ ಹಾಕೂಕಿಂತ ಮೊದಲ. ನನಗ ಎರಡ ರೊಟ್ಟಿ ಹೆಚ್ಚ ಹೋಗತಿತ್ತು." ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಬಸದ್ಯಾಗ ಎಲ್ಲಾರಿಗೂ ಹೇಳೇನಿ, ನನ್ನ ಮಗಾ ಈಗ ನನ್ನ ಹೊತ್ತ ನೋಡಿ ಮನೀಗಿ ಬರತಾನಂತ."

ಇಷ್ಟು ಹೇಳಿ ಬಸದಿಗೆ ಹೋದಳು. ಅಭಿನಂದನ ಸ್ಟೂಲ್ ಹತ್ತಿ ಗಡಿಯಾರ ಸರಿ ಮಾಡಿದ. ಅವತ್ತಿಡೀ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದ. ಅವರಿಗೆ ಒಂದಿಂಚಿನ ಪೈಪು ಬೇಕಿತ್ತು, ಅಷ್ಟೇ.

ಸಂಜೆ ಕರೆಯದೇ ಬಂದ. ಮೋಡ ನಿನ್ನೆಗಿಂತ ದಟ್ಟವಾಗಿತ್ತು. ಎದುರು ಮನೆಯ ನೀರಿನ ಟಾಕಿಯ ಅಂಚಿಗೆ ಹಳದಿ ಹತ್ತಿದ್ದನ್ನು ನೋಡಿಯೇ ಅವನಿಗೆ ತಿಳಿಯಿತು, ಹೊಳೆಯ ಮೇಲೆ ಇವತ್ತು ನಿನ್ನೆಯದನ್ನು ಮೀರಿಸಿದ ಬೆಳಕು.

"ಹೋಗಿ ಬರೂದಿದ್ರ ಹೋಗಿ ಬಾ" ಎಂದಳು ಅವ್ವ, ಸಿಟ್ಟಿಲ್ಲದೆ. "ಮಹಾರಾಜರು ಉಪವಾಸ ಹೇಳ್ಯಾರ. ನಾ ಕಾಯೂದ ಇಲ್ಲ ಇವತ್ತ."

"ನೀಡಬೇ ಸುಮ್ನ" ಎಂದ ಅವನು, ಮುಖ ಗಂಟು ಹಾಕಿಕೊಂಡೇ.

ಅವಳು ರೊಟ್ಟಿ, ಪಲ್ಯ, ಮೊಸರು ಬಡಿಸಿ ದಿನದ ಜಾಗದಲ್ಲೇ ಎದುರಿಗೆ ಕೂತಳು. ಹೊರಗಿನ ಕೆಂಪು ಬಾಗಿಲು ದಾಟಿ ಪಡಸಾಲೆಯ ನೆಲದ ತನಕ ಬಂದಿತ್ತು. ಅವನು ಅತ್ತ ನೋಡದೆ ಮೊದಲ ತುತ್ತು ಬಾಯಿಗಿಟ್ಟು, ರೂಢಿಯಂತೆ ಅವ್ವನ ಕೈ ಅವಳ ತಾಟಿನ ಕಡೆ ಹೋಗಲೆಂದು ಕಾದ. ಅವಳ ಮುಂದೆ ತಾಟು ಇರಲಿಲ್ಲ.